ಮೋಟರ್ ಸತ್ತಿದೆ ಅಂದುಕೊಂಡಿದ್ದೆ: ಹೀಟ್ ಗನ್ ರಿಪೇರಿಯ ನನ್ನ ಅನುಭವ

ಹಳೇ ಬಣ್ಣ ಕೆರೆಯುತ್ತಾ ಕೂತಿದ್ದೆ. ಬಿಸಿ ಗಾಳಿ ಊದಿ ಬಣ್ಣ ಮೆತ್ತಗೆ ಮಾಡುವ ಹೀಟ್ ಗನ್ ಟಪ್ ಅಂತ ಸದ್ದು ಮಾಡಿ ನಿಂತುಹೋಯಿತು. ಬಿಸಿಯೂ ಇಲ್ಲ, ಗಾಳಿಯೂ ಇಲ್ಲ. ಎರಡೂ ಒಟ್ಟಿಗೆ ಹೋಗಿವೆ ಅಂದ್ರೆ ವೈರ್ ಅಥವಾ ಸ್ವಿಚ್ ಇರಬೇಕು, ಅಲ್ವಾ? ಪ್ಲಗ್ ಕಿತ್ತು, ಪೂರ್ತಿ ಆರಲು ಬಿಟ್ಟು ಬಿಚ್ಚಿದೆ. ಮೀಟರ್ ಇಟ್ಟು ನೋಡಿದರೆ ಎರಡೂ ಸರಿ ಇವೆ. ಮೋಟರ್ ಮೇಲೆ ಅನುಮಾನ ಬಂತು. ಅದಕ್ಕೆ ಬೇರೆಯಾಗಿ 12 ವೋಲ್ಟ್ ಕೊಟ್ಟರೆ ಗಿರ್ರನೆ ತಿರುಗಿತು.

ವಿಷಯ ಏನಂದ್ರೆ, ನನ್ನ ಗನ್‌ನಲ್ಲಿರುವುದು ಸಣ್ಣ ಡಿಸಿ ಮೋಟರ್. ಅದಕ್ಕೆ ಬೇಕಾದ ಕಡಿಮೆ ವೋಲ್ಟೇಜನ್ನು ಕಾಯಿಲ್‌ನ, ಅಂದರೆ ಗಾಳಿ ಕಾಯಿಸುವ ತಂತಿ ಸುರುಳಿಯ, ಒಂದು ತುಣುಕಿನಿಂದಲೇ ತೆಗೆದು, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್ ಮೂಲಕ ಕೊಟ್ಟಿದ್ದಾರೆ. ಕಾಯಿಲ್ ತುಂಡಾದರೆ ಫ್ಯಾನೂ ನಿಲ್ಲುತ್ತದೆ. ಸುಮ್ನೆ ಮೋಟರ್ ಬೈಯುತ್ತಾ ಅರ್ಧ ದಿನ ಕಳೆದಿದ್ದೆ.

ಎಲಿಮೆಂಟ್ (ಕಾಯಿಲ್ ಇರುವ ಭಾಗ) ಮೇಲೆ ಸುತ್ತಿದ್ದ, ಬಿಸಿ ತಡೆಯುವ ಮೈಕಾ ಹಾಳೆಯನ್ನು ನಿಧಾನವಾಗಿ ಬಿಡಿಸಿದೆ. ಅದು ಒಣಗಿದ ಈರುಳ್ಳಿ ಸಿಪ್ಪೆ ಥರ, ಆತುರಪಟ್ಟರೆ ಪುಡಿಪುಡಿ. ಫ್ಯಾನ್ ಕಡೆಯಿಂದ ಮೂರನೇ ಸುತ್ತಿನಲ್ಲಿ ತಂತಿ ಕಡಿದಿತ್ತು. ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ, ಕರಗಿದ ಗುಂಡು. ಫ್ಯಾನ್ ಕಡೆ ಕಡಿದಿದ್ದು ನನ್ನ ಅದೃಷ್ಟ. ಅಲ್ಲಿ ತಣ್ಣನೆ ಗಾಳಿ ಮೊದಲು ಬಡಿಯುತ್ತದೆ. ಮೂತಿಯ ಕಡೆ ಆಗಿದ್ದರೆ ಜೋಡಿಸಲು ಹೋಗದೆ ಹೊಸ ಎಲಿಮೆಂಟೇ ಹಾಕುತ್ತಿದ್ದೆ.

ಸೋಲ್ಡರ್ ಇಲ್ಲಿ ನಡೆಯಲ್ಲ. ಮಾಮೂಲಿ ಸೋಲ್ಡರ್ 200 ಡಿಗ್ರಿಯೊಳಗೇ ಕರಗುತ್ತದೆ, ಕಾಯಿಲ್‌ನ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಗೆ ಅಂಟುವುದೂ ಕಷ್ಟ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ: ಎರಡು ತುದಿ ಹಿಡಿದು ತಿರುಚಿ ಬಿಟ್ಟೆ. ಗನ್ ಚಾಲೂ ಆಯಿತು, ನಾನೂ ಬೀಗಿದೆ. ಹತ್ತು ನಿಮಿಷಕ್ಕೆ ಅದೇ ಜಾಗದಲ್ಲಿ ಮತ್ತೆ ಟಪ್. ತಂತಿಯ ಮೇಲಿನ ಕಪ್ಪು ಪದರ ಕರೆಂಟ್‌ಗೆ ಅಡ್ಡ. ಸಡಿಲ ಜೋಡಣೆ, ಮೇಲೆ ಈ ಪದರ, ಹಾಗಾಗಿ ಅಲ್ಲೇ ಜಾಸ್ತಿ ಕಾದು ಸುಟ್ಟುಹೋಗಿತ್ತು.

ಎರಡನೇ ಸಲ ತುದಿಗಳನ್ನು ಎಮರಿ ಪೇಪರ್‌ನಿಂದ ಹೊಳೆಯುವವರೆಗೆ ಉಜ್ಜಿದೆ. ಸಣ್ಣ ಸ್ಟೀಲ್ ಕೊಳವೆಯ ತುಂಡಿನೊಳಗೆ ಎರಡೂ ಕಡೆಯಿಂದ ತುದಿ ತೂರಿಸಿ, ಒಂದರ ಪಕ್ಕ ಒಂದು ಬರುವಂತೆ ಮಾಡಿ, ಇಕ್ಕಳದಿಂದ ಮೂರು ಕಡೆ ಬಲವಾಗಿ ಒತ್ತಿದೆ. ಎಳೆದು ನೋಡಿದೆ, ಜಾರಲಿಲ್ಲ. ಆದರೆ ಕೆಂಪಗೆ ಕಾದು ಕಾದು ಹಳತಾದ ನಿಕ್ರೋಮ್ ತುಂಬಾ ಪೆಡಸು. ತುದಿಗಳನ್ನು ಹತ್ತಿರ ತರಲು ಎಳೆಯುವಾಗ ಇನ್ನೊಂದು ಕಡೆ ಲಟಕ್ ಅನ್ನಬಹುದು. ಅದಕ್ಕೇ ಸುರುಳಿಯನ್ನು ಎಳೆಯದೆ, ಪಕ್ಕದ ಸುತ್ತುಗಳನ್ನು ಸ್ವಲ್ಪಸ್ವಲ್ಪವೇ ಸರಿಸಿದೆ. ಕೊಳವೆ ಪಕ್ಕದ ಸುತ್ತಿಗೆ ತಾಗದಂತೆ ಜಾಗವನ್ನೂ ಬಿಟ್ಟೆ.

ಒಂದು ಸೆಂಟಿಮೀಟರ್ ತಂತಿ ಕಡಿಮೆ ಆದರೆ ಪರವಾಗಿಲ್ಲ. ಜಾಸ್ತಿ ಕತ್ತರಿಸಿದರೆ ಓಮ್ (ತಂತಿ ಕರೆಂಟ್‌ಗೆ ಒಡ್ಡುವ ತಡೆ) ಇಳಿದು ಕರೆಂಟ್ ಏರುತ್ತದೆ. ನನ್ನ ಗನ್ 230 ವೋಲ್ಟ್‌ಗೆ 2000 ವ್ಯಾಟ್, ಅಂದರೆ ಸುಮಾರು 26 ಓಮ್ ಬರಬೇಕು. ಮೀಟರ್ ಅಷ್ಟೇ ತೋರಿಸಿತು. ಕಾಯಿಲ್‌ಗೂ ಮೂತಿಯ ಲೋಹಕ್ಕೂ ನಡುವೆ ಸಂಪರ್ಕ ಇಲ್ಲ ಅನ್ನುವುದನ್ನೂ ನೋಡಿಕೊಂಡೆ. ಒಳಗಿರುವ ಥರ್ಮಲ್ ಫ್ಯೂಸ್ (ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಭಾಗ) ಹೋಗಿದ್ದರೆ ಅದೇ ರೇಟಿಂಗ್‌ನದ್ದನ್ನು ಹಾಕಬೇಕು. ತಂತಿ ಸುತ್ತಿ ದಾಟಿಸುವ ಬುದ್ಧಿವಂತಿಕೆ ಬೇಡ. ಬೆಂಕಿ ಹೊತ್ತಿಕೊಳ್ಳದಂತೆ ಕಾಯುವುದೇ ಅದು.

ಮೊದಲು ಸೀರೀಸ್ ಬಲ್ಬ್ ಹಾಕಿ, ಅಂದರೆ ಗನ್‌ಗೆ ಹೋಗುವ ಕರೆಂಟ್ ಒಂದು ಬಲ್ಬ್ ಮೂಲಕವೇ ಹಾಯುವಂತೆ ಮಾಡಿ, ಕರೆಂಟ್ ಕೊಟ್ಟೆ. ಬಲ್ಬ್ ಉರಿಯಿತು, ಅಂದರೆ ದಾರಿ ಕೂಡಿದೆ. ಆಮೇಲೆ ಮೈಕಾ ಸುತ್ತಿ, ಮುಚ್ಚಿ, ನೇರ ಪ್ಲಗ್. ಒಂದು ನಿಮಿಷ ಧೂಳು ಸುಟ್ಟ ವಾಸನೆ ಬಂದು ಹೋಯಿತು.

ಕಡಿದಿದ್ದಕ್ಕೆ ಕಾರಣ ಬಿಚ್ಚುವಾಗಲೇ ಕಂಡಿತ್ತು. ಹಿಂದಿನ ಜಾಲರಿಯಲ್ಲಿ ಮರದ ಹೊಟ್ಟು ಗಟ್ಟಿಯಾಗಿ ಕೂತಿತ್ತು, ಗಾಳಿ ಅರ್ಧವೂ ಒಳಗೆ ಹೋಗುತ್ತಿರಲಿಲ್ಲ. ಅದರ ಮೇಲೆ, ಕೆಲಸ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ ಇಡುವ ನನ್ನ ಅಭ್ಯಾಸ; ಫ್ಯಾನ್ ನಿಂತರೆ ಕಾದ ಕಾಯಿಲ್‌ಗೆ ಆರಲು ಗಾಳಿಯೇ ಇರುವುದಿಲ್ಲ. ಈಗ ಆಫ್ ಮಾಡುವ ಮುಂಚೆ ಎರಡು ನಿಮಿಷ ಕಡಿಮೆ ಬಿಸಿಯಲ್ಲಿ ಓಡಿಸುತ್ತೇನೆ. ಜಾಲರಿಗೆ ಹಳೇ ಟೂತ್‌ಬ್ರಶ್ ಗೊತ್ತು ಮಾಡಿದ್ದೇನೆ.