‘ಜಾಳು’ ಬಟ್ಟೆಯನ್ನು ಗುರುತಿಸುವ ಬಗೆ, ಆ ಪದವನ್ನು ಬಳಸುವ ಬಗೆ

ಉದ್ದಕ್ಕೆ ಹಾಯುವ ಹಾಸು ಮತ್ತು ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗಳು ಒತ್ತಾಗಿ ಕೂರದೆ, ನಡುವೆ ಕಣ್ಣಿಗೆ ಕಾಣುವಷ್ಟು ಸಂದು ಉಳಿದಿರುವ ಬಟ್ಟೆಯನ್ನು ಜಾಳು ಎನ್ನುತ್ತೇವೆ. ಬಟ್ಟೆ ಅಂಗಡಿಯಲ್ಲಿ ಈಗ ಈ ಮಾತು ಅಪರೂಪವಾಗಿ, ‘ತೆಳು’ ಎಂಬ ಒಂದೇ ಪದದಲ್ಲಿ ವ್ಯವಹಾರ ಮುಗಿಯುತ್ತಿದೆ. ಇದರಿಂದ ಕೊಳ್ಳುವವರಿಗೇ ನಷ್ಟ.

ತೆಳುವು ಮುಖ್ಯವಾಗಿ ನೂಲಿನಿಂದ ಬರುತ್ತದೆ. ಹತ್ತಿ ನೂಲಿನ ಕೌಂಟ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಎಂಬ ಲೆಕ್ಕವಾದ್ದರಿಂದ, 100ರ ನೂಲು 20ರ ನೂಲಿಗಿಂತ ಬಹಳ ಸಪೂರವಾಗಿರುತ್ತದೆ. ಜಾಳುತನವಾದರೋ ಮಗ್ಗದ ಹಣಿಗೆಯಲ್ಲಿ, ಅಂದರೆ ಹಾಸಿನ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಸಾಧನದಲ್ಲಿ, ಎಳೆಗಳನ್ನು ಎಷ್ಟು ಒತ್ತಾಗಿ ಹಾಯಿಸಿದ್ದಾರೆ, ಹೊಕ್ಕನ್ನು ಎಷ್ಟು ಬಡಿದು ಕೂರಿಸಿದ್ದಾರೆ ಎಂಬುದನ್ನು ಅವಲಂಬಿಸಿದೆ. ಗೋಣಿಯ ನೂಲು ದಪ್ಪ, ನೇಯ್ಗೆ ಜಾಳು. ಸಪೂರ ನೂಲಿನ ಒಳ್ಳೆಯ ಪಂಚೆ ತೆಳುವಾಗಿದ್ದರೂ ಜಾಳಲ್ಲ. ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆಗೆ ಎರಡೂ ಮಾತು ಸಲ್ಲುತ್ತವೆ.

ಪರೀಕ್ಷಿಸಲು ಬಟ್ಟೆಯನ್ನು ಒಂದೇ ಪದರವಾಗಿ ಬೆಳಕಿಗೆ ಹಿಡಿಯಿರಿ. ಬೆಳಕು ಚುಕ್ಕೆಚುಕ್ಕೆಯಾಗಿ ತೂರಿ ಬಂದರೆ ಜಾಳೆಂದು ಶಂಕಿಸಬಹುದು. ಆಮೇಲೆ ಎರಡು ಹೆಬ್ಬೆರಳುಗಳನ್ನು ಪಕ್ಕಪಕ್ಕದಲ್ಲಿ ಊರಿ ಮೆಲ್ಲಗೆ ಆಚೀಚೆ ಎಳೆಯಿರಿ. ಎಳೆಗಳು ಸರಿದು, ಬಿಟ್ಟ ಮೇಲೂ ಸಂದು ಹಾಗೆಯೇ ನಿಂತರೆ ಅನುಮಾನ ಬೇಡ. ಗಂಜಿ ಮಾತ್ರ ಕಣ್ಣನ್ನೂ ಕೈಯನ್ನೂ ವಂಚಿಸುತ್ತದೆ: ಸಂದುಗಳನ್ನು ತುಂಬಿ, ಎಳೆಗಳನ್ನು ಅಂಟಿಸಿ, ಮೊದಲ ಒಗೆತದವರೆಗೂ ಬಟ್ಟೆಯನ್ನು ದಟ್ಟವಾಗಿ ತೋರಿಸುತ್ತದೆ. ಆದ್ದರಿಂದ ಒಂದು ಮೂಲೆಯನ್ನು ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿ, ಗಂಜಿ ಪುಡಿಯಾಗಿ ಉದುರಿದ ಮೇಲೆ ಮತ್ತೆ ಬೆಳಕಿಗೆ ಹಿಡಿಯುವುದು ಒಳ್ಳೆಯದು.

ಜಾಳು ಎಂದೊಡನೆ ಕಳಪೆಯೆಂದು ತಿಳಿಯಬೇಕಾಗಿಲ್ಲ. ಮೊಸರು ಕಟ್ಟಿ ನೀರಿಳಿಸಲು, ಬೇಗ ಒಣಗುವ ಟವೆಲ್ಲಿಗೆ ಜಾಳು ನೇಯ್ಗೆಯೇ ಅನುಕೂಲ. ರವಿಕೆಗೆ ಮಾತ್ರ ಅದು ಸಲ್ಲದು; ಮೈಗೆ ಬಿಗಿಯಾದ ಕಡೆ ಹೊಲಿಗೆಯ ಪಕ್ಕದ ಎಳೆಗಳು ಸರಿದು ಬಾಯಿ ಬಿಡುತ್ತವೆ. ಹೊಲಿಸಲೇಬೇಕಾದರೆ ಒಳಗೆ ಅಸ್ತರಿ ಕೊಡಿಸಿ, ಹೊಲಿಗೆಯ ಆಚೆ ಹೆಚ್ಚು ಬಟ್ಟೆ ಬಿಡಿಸಿ.

ಬರೆಯುವಾಗ ‘ಜಾಳು ನೇಯ್ಗೆ’, ‘ಪಂಚೆ ಜಾಳಾಗಿದೆ’, ‘ಜಾಳುಜಾಳಾದ ಸೀರೆ’ ಎಂಬ ಮೂರು ರೂಪಗಳೂ ಸಹಜವಾಗಿವೆ. ಕತೆಗೆ, ವಾದಕ್ಕೆ ಇದೇ ಪದವನ್ನು ಅನ್ವಯಿಸುವಾಗ ಹಲವರು ಜೊಳ್ಳಿನೊಂದಿಗೆ ಬೆರೆಸಿಬಿಡುತ್ತಾರೆ. ಜೊಳ್ಳು ಕಾಳಿಗೆ ಸೇರಿದ ಮಾತು, ಅದರೊಳಗೆ ತಿರುಳೇ ಇರುವುದಿಲ್ಲ. ಸಂಗತಿಗಳೆಲ್ಲ ಇದ್ದೂ ಅವು ಒಂದಕ್ಕೊಂದು ಹೆಣೆದುಕೊಳ್ಳದ ವಾದವನ್ನು ಜಾಳು ಎನ್ನಬೇಕು; ಸಂಗತಿಯೇ ಇಲ್ಲದಿದ್ದರೆ ಅದು ಜೊಳ್ಳು.