ಶೇಂಗಾ ಚಿಕ್ಕಿ ಫಾರಿನ್‌ಗೆ ಕಳ್ಸೋದಾದ್ರೆ ಲೇಬಲ್ ಯಾವ ಭಾಷೇಲಿ?

ನಮ್ಮ ಚಳ್ಳಕೆರೆ ಕಡೆ ಶೇಂಗಾ ಚಿಕ್ಕಿ, ಚಟ್ನಿಪುಡಿ ಮಾಡೋರು ಸುಮಾರು ಜನ ಇಂಗ್ಲಿಷ್ ಲೇಬಲ್ ಒಂದಿದ್ರೆ ಯಾವ ದೇಶಕ್ಕಾದ್ರೂ ನಡೀತೈತೆ ಅಂದ್ಕೊಂಡಿರ್ತಾರೆ. ನಡೆಯಲ್ಲ ಕಣ್ರಿ. ಮೊದ್ಲು ದೇಶ ಫಿಕ್ಸ್ ಮಾಡ್ಕೊಳ್ರಿ, ಭಾಷೆ ಆಮೇಲೆ. ಕೆನಡಾಕ್ಕೆ ಇಂಗ್ಲಿಷ್ ಜೊತೆ ಫ್ರೆಂಚೂ ಬೇಕು, ಸೌದಿಗೆ ಅರೇಬಿಕ್, ಯುರೋಪಲ್ಲಾದ್ರೆ ಯಾವ ದೇಶದಾಗೆ ಮಾರ್ತೀರೋ ಅಲ್ಲಿನ ಗಿರಾಕಿಗೆ ಸಲೀಸಾಗಿ ಅರ್ಥ ಆಗೋ ಭಾಷೆ.

ಯುರೋಪಿನ ರೂಲ್ಸಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಐತೆ, ಶೇಂಗಾ, ಎಳ್ಳು ಎರಡೂ ಅದ್ರಲ್ಲಿ ಬರ್ತವೆ, ಸಾಮಗ್ರಿ ಪಟ್ಟಿಯಲ್ಲಿ ಅವನ್ನ ದಪ್ಪಕ್ಷರದಲ್ಲೋ ಬೇರೆ ಬಣ್ಣದಲ್ಲೋ ಎದ್ದು ಕಾಣೋಂಗೆ ಹಾಕ್ಲೇಬೇಕು, ಹಂಗಾಗಿ ಆ ಸಾಲನ್ನ ಮಾತ್ರ ಗೂಗಲ್ ಟ್ರಾನ್ಸ್‌ಲೇಟ್ ಕೈಗೆ ಬಿಡಬೇಡ್ರಿ, ಅಲ್ಲಿ ಮಾಲು ತರಿಸ್ಕೊಳ್ಳೋನ ಹತ್ರನೇ ಬರೆಸ್ಕೊಂಡು ಮೇಲ್‌ನಲ್ಲಿ ಓಕೆ ಅನ್ನಿಸ್ಕೊಳ್ರಿ.

ಅರೇಬಿಕ್‌ದು ಬೇರೆ ತಲೆನೋವು. ಬಲದಿಂದ ಎಡಕ್ಕೆ ಹೋಗ್ಬೇಕು, ಅಕ್ಷರ ಒಂದಕ್ಕೊಂದು ಕೂಡಿರ್ಬೇಕು. ಡಿಟಿಪಿ ಅಂಗಡಿಯ ಹಳೇ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದ್ರೆ ಬಿಡಿಬಿಡಿಯಾಗಿ ಉಲ್ಟಾ ಕೂತ್ಕೊಳ್ಳೋ ಚಾನ್ಸ್ ಜಾಸ್ತಿ, ನೋಡೋ ನಮಗಂತೂ ಗೊತ್ತೇ ಆಗಲ್ಲ. ಪ್ರಿಂಟಿಗೆ ಹೋಗೋ ಮುಂಚೆ ಕೊನೇ ಪ್ರೂಫನ್ನ ಅರೇಬಿಕ್ ಓದೋರಿಗೆ ವಾಟ್ಸಾಪ್ ಮಾಡಿ.

ತಾರೀಖು: 03/04/2026 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕದೋರಿಗೆ ಮಾರ್ಚ್ 4. ತಿಂಗಳನ್ನ ಅಕ್ಷರದಲ್ಲೇ ಹಾಕ್ಸಿ.

ವೆಬ್‌ಸೈಟನ್ನ ಏಳೆಂಟು ಭಾಷೆಗೆ ಮಾಡ್ಸೋದು ನನ್ ಪ್ರಕಾರ ದಂಡ, ಆ ಭಾಷೇಲಿ ಕಂಪ್ಲೇಂಟ್ ಬಂದ್ರೆ ಉತ್ರ ಕೊಡೋರ್ಯಾರು? ಇಂಗ್ಲಿಷ್ ಒಂದು, ಜಾಸ್ತಿ ಮಾಲು ಹೋಗೋ ದೇಶದ್ದು ಇನ್ನೊಂದು, ಸದ್ಯಕ್ಕೆ ಅಷ್ಟು ಸಾಕು.