ಮೋಡ ಕವಿದ ಮೊದಲ ತೊಂಬತ್ತು ಸೆಕೆಂಡು: ಸೋಲಾರ್ ಜೊತೆಗೆ ಗ್ಯಾಸ್ ಎಂಜಿನ್ ಕೂರಿಸಿದ ಅನುಭವ

ಮೋಡ ಕವಿದು ಸೋಲಾರ್ ಇಳಿದಾಗ ಆ ಜಾಗ ತುಂಬಬೇಕಾದ ಗ್ಯಾಸ್ ಎಂಜಿನ್ ಮೂವತ್ತೈದು ಸೆಕೆಂಡಿಗೆ ಲೋಡ್ ಹಿಡಿಯುತ್ತದೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಅದು ಬಿಸಿಯಾಗಿ ಕೂತಿರುವ ಎಂಜಿನ್ನಿನ ಮಾತು. ಹಿಡಿಯುವುದೂ ಲೋಡಿನ ಮೊದಲ ತುತ್ತನ್ನು ಮಾತ್ರ. ಡೀಸೆಲ್ ಸೆಟ್ಟಿಗೆ ಒಮ್ಮೆಲೇ ಅರ್ಧ ಲೋಡ್ ಹೊರಿಸಿದರೂ ಹೇಗೋ ತಡೆದುಕೊಳ್ಳುತ್ತದೆ. ಟರ್ಬೊ (ಗಾಳಿ ಒತ್ತಿ ತುಂಬುವ ಸಾಧನ) ಇರುವ ಲೀನ್ ಬರ್ನ್, ಅಂದರೆ ಹೆಚ್ಚು ಗಾಳಿ ಬೆರೆಸಿ ಉರಿಸುವ, ಗ್ಯಾಸ್ ಎಂಜಿನ್ ಶೇ. 20–25ಕ್ಕಿಂತ ದೊಡ್ಡ ತುತ್ತು ಬಿದ್ದರೆ ಉಸಿರುಗಟ್ಟಿ ನಿಲ್ಲುತ್ತದೆ. ಟರ್ಬೊ ಗಾಳಿ ಕೊಡುವಷ್ಟರಲ್ಲಿ ಸ್ಪೀಡ್ ಬಿದ್ದಿರುತ್ತದೆ.

ಮೈಸೂರಿನ ಕೂರ್ಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಮಾಡಿದ ಕೆಲಸದ ಲೆಕ್ಕ ಇದು. ಚಾವಣಿಯಲ್ಲಿ 500 ಕಿಲೋವ್ಯಾಟ್ ಸೋಲಾರ್, ಕೆಳಗೆ 500 ಕೆವಿಎಯ, ಅಂದರೆ 400 ಕಿಲೋವ್ಯಾಟ್‌ನ ಗ್ಯಾಸ್ ಜನರೇಟರ್ ಎರಡು. ಚೆಸ್ಕಾಂ ಲೈನ್ ಹೋದಾಗ ನಡೆಯಲೇಬೇಕಾದ ಲೋಡ್ 550 ಕಿಲೋವ್ಯಾಟ್. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಕರೆಂಟೂ ಬಿಸಿಲೂ ಒಟ್ಟಿಗೇ ಹೋಗುವ ಊರಿದು. ಜೂನ್–ಜುಲೈನಲ್ಲಿ ಕೊಡಗಿನ ಕಡೆಯಿಂದ ಬರುವ ತುಂಡು ಮೋಡಗಳು ಇನ್ನೂ ಕಷ್ಟ, ಬಿಸಿಲು ಬಂದು ಬಂದು ಹೋಗುತ್ತದೆ.

800 ಕಿಲೋವ್ಯಾಟ್‌ನ ಒಂದೇ ಎಂಜಿನ್ ತಂದಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಗ್ಯಾಸ್ ಎಂಜಿನ್ನನ್ನು ಶೇ. 40ಕ್ಕಿಂತ ಕೆಳಗೆ ಬಹಳ ಹೊತ್ತು ಓಡಿಸಬಾರದು. ಸಿಲಿಂಡರ್ ಒತ್ತಡ ಸಾಲದೆ ರಿಂಗ್ ಸರಿಯಾಗಿ ಕೂರುವುದಿಲ್ಲ, ಆಯಿಲ್ ಮೇಲೇರಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. 800ರ ಶೇ. 40 ಎಂದರೆ 320. ಉಳಿದ 230 ಕಿಲೋವ್ಯಾಟ್ ಮಾತ್ರ ಸೋಲಾರಿನಿಂದ ತೆಗೆದುಕೊಳ್ಳಬಹುದು, ಮಿಕ್ಕ ಬಿಸಿಲು ದಂಡ. 400ರ ಎಂಜಿನ್ ಒಂದೇ ಓಡುತ್ತಿದ್ದರೆ ಅದಕ್ಕೆ 160 ಸಾಕು, ಸೋಲಾರ್ 390ರವರೆಗೆ ಬರಬಹುದು. ಸಣ್ಣವು ಎರಡು ಬೇಕೆಂದದ್ದು ಇದಕ್ಕೇ.

ಈಗ ಮೋಡದ ಲೆಕ್ಕ. ಸೋಲಾರ್ 300, ಮೊದಲ ಎಂಜಿನ್ 250 ಕೊಡುತ್ತಿವೆ ಎನ್ನಿ. ಮೋಡ ಕವಿದು 40 ಸೆಕೆಂಡಿನಲ್ಲಿ ಸೋಲಾರ್ 60ಕ್ಕೆ ಇಳಿಯಿತು, ಅಂದರೆ ಸೆಕೆಂಡಿಗೆ 6 ಕಿಲೋವ್ಯಾಟ್ ಇಳಿತ. ಎಂಜಿನ್ ಏರುವ ವೇಗವನ್ನು ನಾವು ಸೆಕೆಂಡಿಗೆ 2 ಕಿಲೋವ್ಯಾಟ್‌ಗೆ ಕಟ್ಟಿದ್ದೇವೆ. ಇಳಿತ ಕಂಡ ಹತ್ತನೇ ಸೆಕೆಂಡಿಗೆ ಎರಡನೇ ಎಂಜಿನ್‌ಗೆ ಸ್ಟಾರ್ಟ್ ಸಿಗ್ನಲ್ ಹೋಗುತ್ತದೆ, ಅದರ ಬ್ರೇಕರ್ ಬೀಳುವುದು, ಅಂದರೆ ಅದು ಲೈನಿಗೆ ಸೇರುವುದು, 45ನೇ ಸೆಕೆಂಡಿಗೆ. ಎರಡೂ ಸೇರಿ ಲೋಡ್ ಪೂರ್ತಿ ಹೊತ್ತುಕೊಳ್ಳುವಾಗ ತೊಂಬತ್ತು ಸೆಕೆಂಡು ಆಗಿರುತ್ತದೆ. ನಡುವಿನ ಕೊರತೆ ಬ್ಯಾಟರಿಯ ಪಾಲು.

ಆ ಕೊರತೆಯನ್ನು ಕೂಡಿಸಿದರೆ ಬರುವುದು 2 ಯೂನಿಟ್ಟಿಗೂ ಒಂದು ಚೂರು ಕಮ್ಮಿ! ಆದರೆ 40ನೇ ಸೆಕೆಂಡಿನಲ್ಲಿ ಬ್ಯಾಟರಿ ಕೊಡಬೇಕಾದದ್ದು 160 ಕಿಲೋವ್ಯಾಟ್. ಯೂನಿಟ್ ಲೆಕ್ಕ ನೋಡಿ 10 ಯೂನಿಟ್ ಬ್ಯಾಟರಿ ಸಾಕು ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಸಂಗ್ರಹಕ್ಕಿಂತ ಒಮ್ಮೆಲೇ ಕೊಡುವ ತಾಕತ್ತು ಮುಖ್ಯ. 1ಸಿ (ತುಂಬಿದ್ದನ್ನು ಒಂದು ಗಂಟೆಯಲ್ಲಿ ಖಾಲಿ ಮಾಡಬಲ್ಲ) ಬ್ಯಾಟರಿಯಾದರೆ 160 ಯೂನಿಟ್ಟಿನದೇ ಬೇಕು, 2ಸಿ (ಅರ್ಧ ಗಂಟೆಯಲ್ಲಿ) ಆದರೆ 80 ಸಾಕು. ಸೆಲ್ ಹಳೆಯದಾಗುವುದನ್ನೂ ಲೆಕ್ಕಕ್ಕೆ ಹಿಡಿದು ಹಾಕಿದ್ದು 2ಸಿಯ 100 ಯೂನಿಟ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, 200 ಕಿಲೋವ್ಯಾಟ್ ಇನ್ವರ್ಟರ್. ಎರಡನೇ ಎಂಜಿನ್ ಮೊದಲೆರಡು ಕ್ರ್ಯಾಂಕಿಗೆ (ಸ್ಟಾರ್ಟ್ ಪ್ರಯತ್ನಕ್ಕೆ) ಹಿಡಿಯದೆ ಮೂರನೆಯದಕ್ಕೆ ಹಿಡಿದರೂ 40 ಸೆಕೆಂಡು ತಡ, ಹೆಚ್ಚುವರಿ ಖರ್ಚು ಸುಮಾರು 1 ಯೂನಿಟ್. ಮೂರಕ್ಕೂ ಹಿಡಿಯದಿದ್ದರೆ ಚಿಲ್ಲರ್ ಮತ್ತು ಒಂದು ಕಂಪ್ರೆಸರ್ ತಾನಾಗಿ ಕಳಚಿಕೊಳ್ಳುತ್ತವೆ.

ಎಂಜಿನ್ ಸದಾ ತಯಾರಿರಬೇಕಾದರೆ ಜಾಕೆಟ್ ನೀರು (ಸಿಲಿಂಡರ್ ಸುತ್ತ ಹರಿಯುವ ನೀರು) 50 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಬೇಕು. ಹೀಟರ್ ಒಂದೇ ಸಾಲದು, ನೀರು ತಿರುಗಿಸುವ ಸಣ್ಣ ಪಂಪೂ ಬೇಕು. ಇಲ್ಲದಿದ್ದರೆ ಹೀಟರ್ ಪಕ್ಕದ ಸಿಲಿಂಡರ್ ಬಿಸಿ, ಆಚೆ ತುದಿಯದು ತಣ್ಣಗೆ. ಸೆನ್ಸರ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಸ್ಟಾರ್ಟಿಗೆ ಮೊದಲೇ ಎಂಜಿನ್ನಿಗೆ ಆಯಿಲ್ ಹರಿಸುವ ಪ್ರಿ-ಲ್ಯೂಬ್ ಪಂಪನ್ನು ಗಂಟೆಗೊಮ್ಮೆ ಕೆಲ ನಿಮಿಷ ಓಡಿಸಿ. ಹೀಟರಿನ ಕರೆಂಟು ಉಳಿಸೋಣ ಎಂದು ಶನಿವಾರ ಆಫ್ ಮಾಡಿಟ್ಟರೆ ಸೋಮವಾರ ಬೆಳಿಗ್ಗೆ ಮೂವತ್ತೈದು ಸೆಕೆಂಡಿನ ಎಂಜಿನ್ ಹತ್ತು ನಿಮಿಷದ್ದಾಗಿರುತ್ತದೆ.

ಗ್ಯಾಸ್ ಲೈನಿನಲ್ಲಿ ಆದ ಎಡವಟ್ಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಟ್ಟಿಗೆ ಸುಮಾರು 0.27 ಎಸ್‌ಸಿಎಂ ಗ್ಯಾಸ್ ಬೇಕು (ಎಸ್‌ಸಿಎಂ ಎಂದರೆ ಸ್ಟ್ಯಾಂಡರ್ಡ್ ಕ್ಯೂಬಿಕ್ ಮೀಟರ್). ಎರಡೂ ಎಂಜಿನ್ ಪೂರ್ಣ ಲೋಡಿನಲ್ಲಿದ್ದರೆ ಗಂಟೆಗೆ 216 ಎಸ್‌ಸಿಎಂ. ಗ್ಯಾಸ್ ಅಳೆಯುವ ಮೀಟರ್ ಸ್ಕಿಡ್ಡಿನಿಂದ ಎಂಜಿನ್ ಕೋಣೆಗೆ 60 ಮೀಟರ್ ದೂರ, ಒತ್ತಡ 100 ಮಿಲಿಬಾರ್. ಮೊದಲು ಎಳೆದದ್ದು ಎರಡಿಂಚು ಪೈಪು. ಒಂದು ಎಂಜಿನ್ ಪರೀಕ್ಷೆಯಲ್ಲಿ ಎಲ್ಲ ಚೆನ್ನ. ಎರಡನೆಯದು ಲೋಡ್ ಏರಿಸುತ್ತಿದ್ದಂತೆ ಎರಡೂ ‘ಲೋ ಗ್ಯಾಸ್ ಪ್ರೆಶರ್’ ಎಂದು ಟ್ರಿಪ್. ಲೆಕ್ಕ ಹಾಕಿ ನೋಡಿದರೆ ಪೈಪಿನಲ್ಲೇ 50 ಮಿಲಿಬಾರಿಗೂ ಹೆಚ್ಚು ನಷ್ಟವಾಗುತ್ತಿತ್ತು. ಒತ್ತಡದ ನಷ್ಟ ಪೈಪಿನ ವ್ಯಾಸದ ಐದನೇ ಘಾತಕ್ಕೆ ವಿಲೋಮ. ಮೂರಿಂಚು ಮಾಡಿದ ಮೇಲೆ ಅದೇ ಹರಿವಿಗೆ ನಷ್ಟ 10 ಮಿಲಿಬಾರಿನೊಳಗೆ ಬಂತು. ಕೋಣೆಯ ಹೊರಗೆ ನಾಲ್ಕಿಂಚಿನ ಹೆಡರ್ (ದಪ್ಪ ಪೈಪ್) ತುಂಡೊಂದನ್ನೂ ಕೂರಿಸಿದೆವು, ಲೋಡ್ ಏರುವ ಗಳಿಗೆಗೆ ಅಷ್ಟು ಗ್ಯಾಸ್ ಕೈಗೆಟುಕುವಂತೆ ಇರಲಿ ಎಂದು.

ಎಂಜಿನ್ನಿಗೆ ಗ್ಯಾಸ್ ತಲುಪಿಸುವ ಸಾಲು, ಅಂದರೆ ಗ್ಯಾಸ್ ಟ್ರೈನಿನ ಕ್ರಮ ಹೀಗೆ: ಬಾಲ್ ವಾಲ್ವ್, ಫಿಲ್ಟರ್, ರೆಗ್ಯುಲೇಟರ್, ಲೋ ಮತ್ತು ಹೈ ಪ್ರೆಶರ್ ಸ್ವಿಚ್, ಎರಡು ಸೊಲೆನಾಯ್ಡ್ ವಾಲ್ವ್, ಝೀರೋ ಪ್ರೆಶರ್ ರೆಗ್ಯುಲೇಟರ್ (ಗ್ಯಾಸಿನ ಒತ್ತಡವನ್ನು ಗಾಳಿಯ ಒತ್ತಡಕ್ಕೆ ಸಮ ಮಾಡುವುದು), ಗ್ಯಾಸು–ಗಾಳಿ ಬೆರೆಸುವ ಮಿಕ್ಸರ್. ಝೀರೋ ರೆಗ್ಯುಲೇಟರ್ ಮಿಕ್ಸರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ದೂರವಾದರೆ ಲೋಡ್ ಬದಲಾದಾಗ ಮಿಶ್ರಣ ತಡವಾಗಿ ಬದಲಾಗಿ ಎಂಜಿನ್ ತೂಗಾಡುತ್ತದೆ. ಲೀಕ್ ಡಿಟೆಕ್ಟರ್ ಚಾವಣಿ ಕೆಳಗೇ ಇರಬೇಕು, ಮೀಥೇನ್ ಮೇಲೇರುವ ಗ್ಯಾಸು. ಎಲ್‌ಪಿಜಿ ಅಭ್ಯಾಸದವರು ಇದನ್ನು ನೆಲದ ಬಳಿ ಹಾಕಿಬಿಡುತ್ತಾರೆ.

ಎಂಜಿನ್ ಆರ್ಡರ್ ಮಾಡುವಾಗ 40 ಡಿಗ್ರಿ ಸೆಖೆಗೆ, ಸಮುದ್ರಮಟ್ಟದಿಂದ 770 ಮೀಟರ್ ಎತ್ತರಕ್ಕೆ ಎಷ್ಟು ಕಿಲೋವ್ಯಾಟ್ ಎಂದು ಬರೆಸಿಕೊಳ್ಳಿ. ಗ್ಯಾಸು ನಾಕಿಂಗನ್ನು (ಸಿಲಿಂಡರಿನಲ್ಲಿ ಹೊತ್ತಲ್ಲದ ಹೊತ್ತಿನ ಸ್ಫೋಟ) ಎಷ್ಟು ತಡೆಯುತ್ತದೆ ಎಂದು ಹೇಳುವ ಮೀಥೇನ್ ನಂಬರನ್ನೂ ಕೇಳಿ. ಈಥೇನ್, ಪ್ರೊಪೇನ್ ಹೆಚ್ಚಿದ್ದರೆ ನಾಕಿಂಗ್ ಆಗಿ ಎಂಜಿನ್ ತಾನೇ ಟೈಮಿಂಗ್ ಹಿಂದಕ್ಕೆ ಎಳೆದು ಪವರ್ ಇಳಿಸುತ್ತದೆ. ರೇಡಿಯೇಟರಿನ ಬಿಸಿಗಾಳಿ ಮತ್ತೆ ಒಳಗೆ ಸುತ್ತಿ ಬರದಂತೆ ಡಕ್ಟ್ ಹೊರಕ್ಕೆ ಇರಲಿ. ಹೊಗೆ ಕೊಳವೆಗೆ ಡೀಸೆಲ್ ಸೆಟ್ಟಿನ ಸೂತ್ರವನ್ನೇ ಹಿಡಿದೆವು: ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಬೇಕು. 500 ಕೆವಿಎಗೆ ಅದು ನಾಲ್ಕೂವರೆ ಮೀಟರ್. ವಿದ್ಯುತ್ ಪರಿವೀಕ್ಷಣಾಲಯ, ಮಾಲಿನ್ಯ ಮಂಡಳಿಯ ಕಾಗದಗಳನ್ನು ಫೌಂಡೇಶನ್ ಹಾಕುವ ಮೊದಲೇ ಶುರು ಮಾಡಿ, ಇಷ್ಟೇ ಹೇಳುವುದು.

ಕಂಟ್ರೋಲ್ ಹೊಂದಿಸುವಾಗ ಹೆಚ್ಚು ದಿನ ತಿಂದದ್ದು ಫ್ರೀಕ್ವೆನ್ಸಿ. ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್ 50.5 ಹರ್ಟ್ಜ್ ದಾಟಿದರೆ 0.2 ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು ಎಂಬುದು ನಿಯಮ, ಮತ್ತೆ ಸೇರಲು ಕನಿಷ್ಠ 60 ಸೆಕೆಂಡು ಕಾಯಬೇಕು. ಜನರೇಟರಿಗೆ ರೂಢಿಯಂತೆ ಶೇ. 4 ಡ್ರೂಪ್ (ಲೋಡ್ ಏರಿದಂತೆ ಸ್ಪೀಡ್ ತುಸು ಇಳಿಯುವ ಹೊಂದಿಕೆ) ಇಟ್ಟರೆ ಪೂರ್ಣ ಲೋಡಿನಲ್ಲಿ 50 ಇದ್ದದ್ದು ಖಾಲಿ ಲೋಡಿನಲ್ಲಿ 52. ಬಿಸಿಲು ಏರಿ ಎಂಜಿನ್ ಹಗುರಾದಂತೆಲ್ಲ ಫ್ರೀಕ್ವೆನ್ಸಿ ಏರಿ, ಇನ್ವರ್ಟರ್‌ಗಳೆಲ್ಲ ಒಂದೇ ಸಲಕ್ಕೆ ಕೈಬಿಡುತ್ತವೆ. ಮೋಡವೇ ಇಲ್ಲದೆ ಮೋಡದ ಪರಿಣಾಮ! ಹಾಗಾಗಿ ಡ್ರೂಪ್ ತೆಗೆದು, ಎರಡು ಎಂಜಿನ್‌ಗಳ ನಡುವೆ ಕೇಬಲ್ ಎಳೆದು, ಐಸೋಕ್ರೋನಸ್ ಲೋಡ್ ಶೇರಿಂಗ್, ಅಂದರೆ ಫ್ರೀಕ್ವೆನ್ಸಿ ಬದಲಾಗದೆ ಲೋಡ್ ಹಂಚಿಕೊಳ್ಳುವಂತೆ, ಮಾಡಿಸಿದೆವು. ಇನ್ವರ್ಟರ್‌ಗಳು ಒಟ್ಟಿಗೇ ಮರಳಿ ಸೇರಿ ಎಂಜಿನ್ನನ್ನು ಹಿಂದಕ್ಕೆ ತಳ್ಳದಂತೆ ಕಾಯುವ ಹೊತ್ತನ್ನು 60, 90, 120 ಸೆಕೆಂಡು ಎಂದು ಮೆಟ್ಟಿಲು ಮಾಡಿದ್ದೇವೆ. ಜನರೇಟರಿಗೆ ಕರೆಂಟು ಹಿಂದಕ್ಕೆ ಹರಿದರೆ ಕಳಚುವ ರಿವರ್ಸ್ ಪವರ್ ರಿಲೇ ಶೇ. 5ಕ್ಕೆ, 5 ಸೆಕೆಂಡು ತಡ.

ಕೊರತೆ ಬಿದ್ದ ಕೂಡಲೇ ಏರಿ ತುಂಬಿಕೊಡುವ, ಶರಾವತಿಯಂಥ ಜಲವಿದ್ಯುತ್ ಕೇಂದ್ರ ರಾಜ್ಯದ ಗ್ರಿಡ್‌ಗೆ ಮಾಡುವ ಕೆಲಸವನ್ನೇ ಕಾಂಪೌಂಡಿನೊಳಗೆ ಮಾಡಿಕೊಂಡದ್ದು ಇದು. ಯಲಹಂಕದ 370 ಮೆಗಾವ್ಯಾಟ್ ಸ್ಥಾವರವೂ ಗ್ಯಾಸಿನದೇ, ಆದರೆ ಕಂಬೈನ್ಡ್ ಸೈಕಲ್, ಅಂದರೆ ಗ್ಯಾಸ್ ಟರ್ಬೈನಿನ ಬಿಸಿಹೊಗೆಯಿಂದ ಹಬೆ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸುವ ಬಗೆ. ತಣ್ಣಗಿರುವ ಹಬೆಯ ಭಾಗ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ‘ಗ್ಯಾಸ್ ಎಂದರೆ ವೇಗ’ ಎಂದು ಒಟ್ಟಾರೆ ಹೇಳಬಾರದು.

ಆಯಿಲ್ ಗ್ಯಾಸ್ ಎಂಜಿನ್ನಿನ ಲೋ ಆ್ಯಶ್ (ಬೂದಿ ಕಡಿಮೆ ಬಿಡುವ) ಆಯಿಲ್ಲೇ ಆಗಬೇಕು. ಡೀಸೆಲ್ ಎಂಜಿನ್ನಿನದು ಸುರಿದರೆ ಬೂದಿ ಕಟ್ಟಿ ನಾಕಿಂಗ್ ಶುರು. ವಾರಕ್ಕೊಮ್ಮೆ ಪರೀಕ್ಷೆ ಮಾಡುವಾಗ ಖಾಲಿ ಓಡಿಸಬೇಡಿ. ಅರ್ಧ ಲೋಡಿಗೆ ಏರಿಸಿ, ಅರ್ಧ ಗಂಟೆ ಬಿಟ್ಟು, ಸ್ಟಾರ್ಟ್ ಸಿಗ್ನಲ್‌ನಿಂದ ಬ್ರೇಕರ್ ಬೀಳುವವರೆಗಿನ ಸೆಕೆಂಡನ್ನು ರಿಜಿಸ್ಟರಿನಲ್ಲಿ ಬರೆದಿಡಿ. 35 ಇದ್ದದ್ದು 38, 41 ಎಂದು ಏರತೊಡಗಿದರೆ ಮೊದಲು ಪ್ಲಗ್ ಗ್ಯಾಪ್ ಅಳೆಯಿರಿ, ಆಮೇಲೆ 24 ವೋಲ್ಟಿನ ಬ್ಯಾಟರಿ.